ಬೋಡಿ ನೀರಿಗಿಳಿದ ಬೇಸಿಗೆ

ಇವತ್ತು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬ್ಲೀಚಿಂಗ್ ಪೌಡರಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನಮ್ಮ ಮಾರೇನಹಳ್ಳಿಯಲ್ಲಿ ದಿನ ಬಿಟ್ಟು ದಿನ ನೀರು. ಬೇಸಿಗೆ ಬಂದರೆ ಒಂದೊಂದು ದಿನ ಔಷಧಿಯ ವಾಸನೆ ಜಾಸ್ತಿ ಇರುತ್ತದೆ. ಮಹಡಿ ಮೇಲಿನ ಬಾಡಿಗೆಯವಳು ಬಿಂದಿಗೆ ಹಿಡಿದುಕೊಂಡು ಬಂದವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆ ಬಂದರೆ ನನಗೆ ನೀಲಿ ಟೈಲ್ಸ್ ಹಾಕಿದ ಕೊಳ ಕಾಣುತ್ತದೆ. ನನ್ನ ಮೊಮ್ಮಗಳು ಒಂಬತ್ತು ತಿಂಗಳ ಕೂಸಾಗಿದ್ದಾಗಿನ ಬೇಸಿಗೆ, ನಾನು ಅರವತ್ತು ದಾಟಿದ ಮೇಲೆ ಸೀರೆ ಬಿಚ್ಚಿಟ್ಟು ಊರ ಹೆಂಗಸರ ಮುಂದೆ ನೀರಿಗಿಳಿದ ಬೇಸಿಗೆ ಎದುರಿಗೆ ಬಂದು ನಿಲ್ಲುತ್ತದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬ್ಯಾಡರಹಳ್ಳಿಯ ತವರಿನಲ್ಲಿ ಎಮ್ಮೆ ನೋಡಿಕೊಳ್ಳುವವರು ಬೇಕಾಗಿತ್ತು, ಸ್ಕೂಲು ಬಿಡಿಸಿದರು. ಅದಕ್ಕೆ ನನಗೇನೂ ಬೇಜಾರಿಲ್ಲ, ಎಮ್ಮೆಗಳೂ ಒಂದಷ್ಟು ಕಲಿಸುತ್ತವೆ. ಆದರೆ ಹಸುಗೂಸಿಗೆ ಎರೆಯುವುದರಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬಚ್ಚಲಲ್ಲಿ ಮಣೆ ಹಾಕಿ, ಎರಡೂ ಕಾಲು ನೀಡಿ ಕುಳಿತು, ಮಗುವನ್ನು ಮೊಣಕಾಲಿನ ಕೆಳಗೆ ಉದ್ದಕ್ಕೆ ಮಲಗಿಸಿಕೊಂಡರೆ ಆಮೇಲೆ ನನ್ನ ಕೈ ತಾನಾಗಿ ಹೋಗುತ್ತದೆ. ಮೊದಲು ಬೆಚ್ಚಗಿನ ಹರಳೆಣ್ಣೆ. ಬೆನ್ನು, ತೊಡೆ, ಅಂಗಾಲು ತಿಕ್ಕಿ, ಈ ಕೈಯನ್ನು ಆ ಕಾಲಿಗೆ, ಆ ಕೈಯನ್ನು ಈ ಕಾಲಿಗೆ ಮುಟ್ಟಿಸಿ, ಆಮೇಲೆ ಕೈ ತಡೆಯುವಷ್ಟು ಬಿಸಿನೀರು. ಕೊನೆಗೆ ಸಾಂಬ್ರಾಣಿ ಹೊಗೆ. ಮಗು ಅತ್ತೂ ಅತ್ತೂ ಸುಸ್ತಾಗಿ ಮಧ್ಯಾಹ್ನದವರೆಗೆ ಏಳುವುದಿಲ್ಲ. ಯಾವ ಮನೆಯಲ್ಲಿ ಬಾಣಂತಿ ಇದ್ದರೂ, "ಜಯಮ್ಮನ್ನ ಕರೀರಿ" ಅನ್ನುತ್ತಿದ್ದರು. ನಾನು ಎರೆದ ಮಕ್ಕಳು ಈಗ ಬುಲೆಟ್ ಗಾಡಿ ಓಡಿಸಿಕೊಂಡು ನನ್ನ ಮುಂದೆಯೇ ಭರ್ರೆಂದು ಹೋಗುತ್ತವೆ.

ಹೀಗಿರುವಾಗ ನನ್ನ ಸ್ವಂತ ಮೊಮ್ಮಗಳು ಎಂಟು ತಿಂಗಳೂ ತುಂಬದೆ ಹುಟ್ಟಿದಳು. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಸೊಸೆ ಸವಿತಾಳ ತಾಯಿಗೆ ಮಂಡಿ ನೋವು, ಕೆಳಗೆ ಕೂರಲಾರರು. ಹಾಗಾಗಿ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಮಗುವಿಗೆ ನನ್ನ ಮಗನೂ ಸೊಸೆಯೂ ಇಟ್ಟ ಹೆಸರು ಆದ್ಯಾ. ಮನೆದೇವರಿಗೆ ಮುಡಿ ಕೊಟ್ಟ ಮೇಲೆ ನಾನು ಬೋಡಿ ಎಂದು ಕರೆದೆ, ಅದೇ ನಿಂತಿತು.

ಬೋಡಿಯ ಎಡಗಾಲು ಸರಿಯಿಲ್ಲ ಎಂದು ಮೊದಲು ಗೊತ್ತಾಗಿದ್ದು ನನ್ನ ಎಣ್ಣೆ ಕೈಗೆ. ಬಲಗಾಲು ಎಳೆದರೆ ಎಳೆದ ಕಡೆ ಬರುತ್ತಿತ್ತು. ಎಡಗಾಲು ಬರುತ್ತಿರಲಿಲ್ಲ, ಮಡಚಿದ ಛತ್ರಿಯ ಹಾಗೆ ಬಿಗಿಯಾಗಿ ನಿಲ್ಲುತ್ತಿತ್ತು. ಸವಿತಾಳಿಗೆ ಹೇಳಿದೆ. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

"ಮಗೂಗೆ ಎಡಗಾಲು ಬಿಗಿ ಐತೆ ಕಣೇ. ತೋರಿಸ್ಬೇಕು."

"ನನ್ ಮಗೂಗೆ ಏನೂ ಆಗಿಲ್ಲ ಅತ್ತೆ. ನೀವು ಸುಮ್ನಿರಿ," ಎಂದು ಬಾಗಿಲು ಹಾಕಿಕೊಂಡಳು.

ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲೂ ನಾನು ಹೇಳಿದ್ದನ್ನೇ ಹೇಳಿದರು. ಬೇಗ ಹುಟ್ಟಿದ ಮಕ್ಕಳಲ್ಲಿ ಹೀಗೆ ಆಗುವುದುಂಟು, ವ್ಯಾಯಾಮ ಮಾಡಿಸಬೇಕು, ನಡೆಯುವುದು ತಡವಾಗಬಹುದು, ಎಷ್ಟರಮಟ್ಟಿಗೆ ಸರಿಹೋಗುತ್ತದೆ ಎಂದು ಈಗಲೇ ಹೇಳಲಾಗುವುದಿಲ್ಲ ಎಂದರು. ವ್ಯಾಯಾಮ ಹೇಳಿಕೊಡುವ ಹುಡುಗಿ ಇನ್ನೊಂದು ಮಾತು ಸೇರಿಸಿದಳು. ಬೇಸಿಗೆ ಬಂದಿದೆ, ದೊಡ್ಡ ನೀರಿನಲ್ಲಿ ಹಿಡಿದು ಆಡಿಸಿ, ನೀರಿನಲ್ಲಿ ಕಾಲಿಗೆ ಭಾರ ಇರುವುದಿಲ್ಲ, ತಾನಾಗಿ ಒದೆಯುವುದಕ್ಕೆ ನೋಡುತ್ತದೆ. ಬಕೆಟ್ಟು ಟಬ್ಬು ಸಾಲದು.

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಜಗಳ.

"ಅತ್ತೆ, ಸೋಮವಾರದಿಂದ ಪಾಪೂನ ಸ್ವಿಮ್ಮಿಂಗ್ ಪೂಲ್‌ಗೆ ಕರ್ಕೊಂಡ್ ಹೋಗ್ತೀನಿ. ಬಸವೇಶ್ವರನಗರದ ಕಡೆ ಇದ್ಯಲ್ಲ, ಅಲ್ಲಿ ಬೆಳಿಗ್ಗೆ ಲೇಡೀಸ್ ಬ್ಯಾಚ್ ಇದೆ. ಮಕ್ಕಳಿಗೆ ಬೇರೆ ಸಣ್ಣ ಕೊಳ ಇದೆ."

"ಊರೋರೆಲ್ಲ ಮೈ ತೊಳ್ಕೊಂಡ ನೀರಿಗಾ?"

"ಅದಕ್ಕೆ ಕ್ಲೋರಿನ್ ಹಾಕಿರ್ತಾರೆ ಅತ್ತೆ."

"ಕೊಳೆ ಇಲ್ದಿದ್ರೆ ಔಷಧಿ ಯಾಕ್ ಹಾಕ್ತಾರೆ?"

ಪೇಪರು ಹಿಡಿದು ಕುಳಿತಿದ್ದ ನಮ್ಮ ಯಜಮಾನರು, "ಅವಳು ಮಗುವಿನ ತಾಯಿ ಕಣೇ, ಹೋಗ್ಲಿ ಬಿಡು," ಎಂದರು. ಪೇಪರು ಓದುವವರಿಗೆ ಎಲ್ಲವೂ ಸುಲಭ. ನನಗೆ ಕೋಪ ಬಂದಿದ್ದು ನೀರಿಗಲ್ಲ. ದಿನಾ ನನ್ನ ಎರಡು ಕೈಯಿಂದ ತಿಕ್ಕಿ ಎಳೆದು ಸರಿ ಮಾಡುತ್ತಿದ್ದೇನೆ, ಇನ್ನೆರಡು ತಿಂಗಳು ಕೊಟ್ಟರೆ ಕಾಲು ಬಿಟ್ಟುಕೊಳ್ಳುತ್ತದೆ ಎಂದು ನಾನು ನಂಬಿದ್ದೆ. ನನ್ನ ಬಚ್ಚಲಿಗಿಂತ ಹೆಚ್ಚಿನದು ಆ ಸಿಮೆಂಟು ಗುಂಡಿಯಲ್ಲಿ ಏನಿದೆ?

ಆದರೂ ಮಗುವನ್ನು ಅವಳೊಬ್ಬಳ ಕೈಗೆ ಬಿಡುವವಳಲ್ಲ ನಾನು. ಸೋಮವಾರ ನಾನೂ ಹೊರಟೆ. ಹೊರಡುವ ಮುಂಚೆ ಮಗುವನ್ನು ತಯಾರು ಮಾಡಿದವಳೂ ನಾನೇ. ತಣ್ಣೀರು ಮೈಗೆ ಹಿಡಿಯುತ್ತದೆ, ಔಷಧಿ ನೀರು ಚರ್ಮ ಒಡೆಸುತ್ತದೆ. ಇದಕ್ಕೆಲ್ಲ ಒಂದೇ ಕಾಪು, ಎಣ್ಣೆ. ಹರಳೆಣ್ಣೆ ಬಿಸಿ ಮಾಡಿ ನೆತ್ತಿಯಿಂದ ಅಂಗಾಲಿನವರೆಗೆ ಹಚ್ಚಿದೆ. ಕಂಕುಳು, ಕತ್ತಿನ ಮಡಿಕೆ ಒಂದೂ ಬಿಡಲಿಲ್ಲ. ಸವಿತಾ ತಂದಿದ್ದ ತೋಳಿಲ್ಲದ ಈಜಿನ ಬಟ್ಟೆ ಹಾಕಿ, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡೆ. ಆಟೋದಲ್ಲಿ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೇ ಇದ್ದಳು. ಸವಿತಾ ಚೀಲದಲ್ಲಿ ಡೈಪರು, ಕ್ಯಾಪು, ಇನ್ನೇನೋ ಹುಡುಕುವುದರಲ್ಲೇ ಇದ್ದಳು.

ಬಾಗಿಲಲ್ಲಿ ಟಿಕೆಟ್ ಕೊಡುವ ಮನುಷ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಬೋಳು ತಲೆ, ಬಿಸಿಲಿಗೆ ಹೊಳೆಯುತ್ತಿತ್ತು.

"ಆಂಟಿ, ಮಗೂಗೆ ಟಿಕೆಟ್ ಬೇಡ. ಆದ್ರೆ ಕ್ಯಾಪ್ ಕಂಪಲ್ಸರಿ. ಕೂದ್ಲು ನೀರಿಗೆ ಬೀಳ್ಬಾರ್ದು."

ನಾನು ಟವೆಲ್ ಸರಿಸಿ ಬೋಡಿಯ ತಲೆ ತೋರಿಸಿದೆ. "ಎಲ್ಲೈತಪ್ಪಾ ಕೂದ್ಲು?"

"ರೂಲ್ಸ್ ಆಂಟಿ."

"ಹಂಗಾದ್ರೆ ನೀನೂ ಹಾಕ್ಕೊ. ನಿಂಗೂ ಇವ್ಳಿಗೂ ಒಂದೇ ರೂಲ್ಸು."

ಹಿಂದೆ ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಅವನೂ ನಕ್ಕ, ಆದರೆ ಕ್ಯಾಪು ಹಾಕಿಸಿಯೇ ಒಳಗೆ ಬಿಟ್ಟ.

ಒಳಗೆ ದೊಡ್ಡ ಕೊಳದ ಪಕ್ಕದಲ್ಲಿ ಮಕ್ಕಳ ಕೊಳ. ದೊಡ್ಡವರಿಗೆ ಸೊಂಟದ ಮಟ್ಟ. ಬೆಳಿಗ್ಗೆಯಿಂದ ಬಿಸಿಲು ಬಿದ್ದು ನೀರು ಬೆಚ್ಚಗಾಗಿತ್ತು, ಅದನ್ನು ನಾನು ಕೈ ಅದ್ದಿ ನೋಡಿ ಒಪ್ಪಿಕೊಂಡೆ. ಹೆಂಗಸರ ಬ್ಯಾಚಿಗೆ ಕೋಚು ರೇಣುಕಾ ಎಂಬ ಹುಡುಗಿ, ಬಾಗಲಕೋಟೆ ಕಡೆಯವಳು. ಕಪ್ಪು ಗಟ್ಟಿ ಮೈ, ಕೊರಳಲ್ಲಿ ಸೀಟಿ, ದನಿ ಕೊಳದ ಆ ತುದಿಗೂ ಕೇಳುವಂಥದ್ದು. ಸವಿತಾ ಕಾಸ್ಟ್ಯೂಮ್ ಹಾಕಿಕೊಂಡು ಇಳಿದು ನಿಂತಳು. ನಾನು ಮೆಟ್ಟಿಲ ಮೇಲೆ ಬಗ್ಗಿ ಬೋಡಿಯನ್ನು ಅವಳ ಕೈಗೆ ಕೊಟ್ಟೆ.

ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿತ್ತು. ಸವಿತಾ ಕಂಕುಳಿಗೆ ಕೈ ಕೊಟ್ಟು ಹಿಡಿದಿದ್ದಳು. ಬೋಡಿ ನೀರನ್ನು ಅಂಗೈಯಿಂದ ಬಡಿದಳು, ಒಮ್ಮೆ ನೆಕ್ಕಿ ಮುಖ ಹಿಂಡಿದಳು. ಆಮೇಲೆ ಏನು ಹೊಳೆಯಿತೋ, ಎರಡೂ ಕೈ ಮೇಲೆತ್ತಿದಳು. ಎಣ್ಣೆ ಹಚ್ಚಿದ ಮಗು ಕೈ ಮೇಲೆತ್ತಿದರೆ ಹಿಡಿಯುವುದಕ್ಕೆ ಏನೂ ಉಳಿಯುವುದಿಲ್ಲ. ಸವಿತಾಳ ಎರಡು ಕೈ ಮಧ್ಯದಿಂದ ಮಗು ಸರ್ರೆಂದು ಜಾರಿ ನೀರಿನೊಳಗೆ ಹೋಯಿತು.

ಬಚ್ಚಲಲ್ಲಿ ಮಗು ನನ್ನ ಕಾಲ ಮೇಲೆ ಮಲಗಿರುತ್ತದೆ, ಎಷ್ಟು ಎಣ್ಣೆ ಇದ್ದರೂ ಜಾರಿ ಹೋಗುವುದು ನನ್ನ ಪಾದದವರೆಗೆ. ಇಲ್ಲಿ ಕೆಳಗೆ ಪಾದವಿಲ್ಲ, ನೀರು. ಅಷ್ಟು ವರ್ಷ ಮಕ್ಕಳಿಗೆ ಎರೆದ ನನಗೆ ಅದು ಹೊಳೆಯಲಿಲ್ಲ.

ಸವಿತಾ ಕಿರುಚಿ ತಡಕಾಡಿದಳು, ಎರಡು ಸಲವೂ ಅವಳ ಕೈ ಜಾರಿತು. ನಾನು ಸೀರೆಯಲ್ಲೇ ಮೆಟ್ಟಿಲಿಳಿದೆ. ನೀರು ಮೊಣಕಾಲಿಗೆ ಬಂದಾಗ ಕಣ್ಣೆದುರಿಗೇ ಬೋಡಿ ಕಂಡಳು. ಕಣ್ಣು ಬಿಟ್ಟುಕೊಂಡಿದ್ದಳು, ಬಾಯಿ ಮುಚ್ಚಿತ್ತು, ಕಪ್ಪೆಯಂತೆ ಒದೆಯುತ್ತಿದ್ದಳು. ಎರಡೂ ಕಾಲಿನಿಂದ. ಎಡಗಾಲು ನೀಡಿಕೊಂಡು ಮಡಚಿತು, ಮತ್ತೆ ನೀಡಿಕೊಂಡಿತು. ನಾನು ನೋಡಿದೆ. ಅಷ್ಟರಲ್ಲಿ ರೇಣುಕಾ ಪಕ್ಕದಿಂದ ಧುಮುಕಿ ಬಟ್ಟೆಯ ಬೆನ್ನು ಹಿಡಿದು ಎತ್ತಿಬಿಟ್ಟಳು.

ಮಗು ಕೆಮ್ಮಿತು, ಒಂದು ಗುಟುಕು ಕಕ್ಕಿತು, ಆಮೇಲೆ ಬಾಯಿ ತೆಗೆದು ಅತ್ತಿತು. ಆ ಅಳು ಕೇಳಿ ನನಗೆ ಉಸಿರು ಬಂತು. ರೇಣುಕಾ ಮಗುವಿನ ತೋಳು ಸವರಿ ಬೆರಳು ಮೂಸಿ ನೋಡಿದಳು. ನೀರಿನ ಮೇಲೆ ಸೀಮೆಎಣ್ಣೆ ಚೆಲ್ಲಿದ ಹಾಗೆ ಬಣ್ಣ ಬಣ್ಣದ ಪೊರೆ ಎದ್ದಿತ್ತು.

"ಯಾರ್ರೀ ಕೂಸಿಗೆ ಎಣ್ಣಿ ಹಚ್ಚಿದವ್ರು?"

"ನಾನೇ," ಎಂದೆ.

"ಅಲ್ರೀ ಅಜ್ಜೀ, ಕೂಸಿಗೆ ಈಜ್ ಕಲಸಾಕ ಬಂದೀರೋ, ಬಜ್ಜಿ ಕರ್ಯಾಕ ಬಂದೀರೋ?"

ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನೂ ಒಂದು ಕೊಡುತ್ತಿದ್ದೆ. ಆವತ್ತು ಮಗುವಿಗೆ ಟವೆಲ್ ಸುತ್ತಿದೆ, ಅಷ್ಟೇ. ಮಕ್ಕಳ ಕೊಳವನ್ನು ಆವತ್ತಿನ ಮಟ್ಟಿಗೆ ಮುಚ್ಚಿದರು.

ನೇರವಾಗಿ ಡಾಕ್ಟರ ಹತ್ತಿರ ಹೋದೆವು. ಎದೆ, ಕಿವಿ ಎಲ್ಲ ನೋಡಿ ಏನೂ ಆಗಿಲ್ಲ, ರಾತ್ರಿವರೆಗೆ ಗಮನ ಇಟ್ಟಿರಿ ಎಂದರು. ಮನೆಗೆ ಬಂದು ಮಗು ಮಲಗಿದ ಮೇಲೆ ಸವಿತಾ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಕೂದಲು ಇನ್ನೂ ಒದ್ದೆಯಿತ್ತು.

"ಅತ್ತೆ, ಒಂದ್ ಮಾತು ಕೇಳ್ತೀನಿ. ಪೂಲ್ ಬೇಡ ಅಂತಿದ್ರಲ್ಲ. ಬೇಕಂತಲೇ ಹಚ್ಚಿದ್ರಾ?"

ನಾನು ಸೊಪ್ಪು ಬಿಡಿಸುತ್ತಿದ್ದೆ. ಕೈ ನಿಲ್ಲಿಸಲಿಲ್ಲ.

"ಬೇಕಂತಲೇ ಹಚ್ಚಿದೆ. ಮಗೂಗೆ ತಂಡಿ ಆಗ್ದಿರ್ಲಿ ಅಂತ ಬೇಕಂತಲೇ ಹಚ್ಚಿದೆ. ಮುಳುಗ್ಲಿ ಅಂತ ಅಲ್ಲ. ಇನ್ನೂ ಏನಾದ್ರೂ ಕೇಳೋದೈತಾ?"

"ಇಲ್ಲ. ಇನ್ನು ನಾವು ಅಲ್ಲಿಗೆ ಹೋಗೋದೂ ಇಲ್ಲ. ನೀವೇ ಗೆದ್ರಿ."

"ಸವಿತಾ, ನೀರೊಳಗೆ ಅವ್ಳು ಎಡಗಾಲು ಒದ್ಲು ಕಣೇ. ನಾನ್ ನೋಡ್ದೆ."

"ನಂಗೆ ಏನೂ ಕಾಣ್ಸಲಿಲ್ಲ," ಎಂದು ಹೊರಟುಹೋದಳು.

ಗೆದ್ದಿರಿ ಎಂಬ ಮಾತು ನನಗೆ ಚುಚ್ಚಿತು ಎಂದರೆ ಸುಳ್ಳು. ನನಗೆ ಬೇರೆಯೇ ಯೋಚನೆ ಹತ್ತಿತ್ತು. ಆರು ತಿಂಗಳು ದಿನಾ ಎಳೆದಿದ್ದೇನೆ. ನಾನು ಎಳೆದರೆ ಅವಳ ಕಾಲು ಬಂದಿದೆಯೇ ಹೊರತು, ಅವಳಾಗಿ ಒಂದು ದಿನ ನೀಡಿಲ್ಲ. ನೀರಿಗೆ ಬಿದ್ದಾಗ ಯಾರೂ ಎಳೆಯಲಿಲ್ಲ, ಅವಳೇ ನೀಡಿದಳು. ನನ್ನ ಬಚ್ಚಲಲ್ಲಿ ಆಗದ್ದು ಅಲ್ಲಿ ಆಯಿತು. ಕಣ್ಣಾರೆ ಕಂಡದ್ದನ್ನು ಇಲ್ಲ ಅನ್ನಲು ನನಗೇನು ಹುಚ್ಚೇ? ಆ ವಾರ ಸವಿತಾ ಮಗುವನ್ನು ಬಚ್ಚಲಿಗೂ ನನ್ನೊಬ್ಬಳ ಹತ್ತಿರ ಬಿಡಲಿಲ್ಲ, ಬಾಗಿಲಲ್ಲೇ ನಿಂತಿರುತ್ತಿದ್ದಳು. ನಾನು ಎರೆಯುವುದನ್ನು ಎರೆದೆ. ಬೋಡಿಯ ಎಡಗಾಲು ಮತ್ತೆ ಛತ್ರಿಯಂತೆ ಮಡಚಿಕೊಂಡೇ ಇತ್ತು.

ಶನಿವಾರ ಸಂತೆ ಚೀಲ ತೆಗೆದುಕೊಂಡು ವಿಜಯನಗರದ ಕಡೆ ಹೋದೆ. ಆಟದ ಸಾಮಾನು ಮಾರುವ ಅಂಗಡಿಯಲ್ಲಿ ಹುಡುಗನೊಬ್ಬ ಮೊಬೈಲು ನೋಡುತ್ತಿದ್ದ.

"ಸ್ವಿಮ್ಮಿಂಗ್ ಬಟ್ಟೆ ತೋರ್ಸಪ್ಪ."

"ಎಷ್ಟ್ ವಯಸ್ಸು ಆಂಟಿ, ಮೊಮ್ಮಗಳಿಗಾ?"

"ನನಗೆ."

ಅವನು ನನ್ನ ಮುಖ ನೋಡಿದ, ಸೀರೆ ನೋಡಿದ, ಮತ್ತೆ ಮುಖ ನೋಡಿದ.

"ಮುಖಕ್ಕಲ್ಲಪ್ಪ ಹಾಕ್ಕೊಳ್ಳೋದು. ಸೈಜು ನೋಡಿ ಕೊಡು. ತೋಳು ತುಂಬ ಇರ್ಬೇಕು, ಕಾಲು ಮೊಣಕಾಲಿನ ಕೆಳಗೆ ಬರ್ಬೇಕು."

ಕಡುನೀಲಿ ಬಣ್ಣದ್ದು, ಪಕ್ಕದಲ್ಲಿ ಗುಲಾಬಿ ಪಟ್ಟಿ. ಮನೆಗೆ ಬಂದು ಒಂದು ಸಲ ಒಗೆದು ಮಹಡಿಯ ಹಗ್ಗದ ಮೇಲೆ ಹರವಿದೆ. ಗಾಳಿಗೆ ಕೈಕಾಲು ಆಡಿಸಿಕೊಂಡು ಯಾರೋ ನೇತಾಡಿದ ಹಾಗೆ ಕಾಣುತ್ತಿತ್ತು. ನಮ್ಮ ಯಜಮಾನರು ಮೇಲೆ ಹೋದವರು ಅಷ್ಟೇ ಬೇಗ ಕೆಳಗಿಳಿದು ಬಂದರು.

"ಅದ್ಯಾರ್ದೇ ಮೇಲೆ?"

"ನಂದು."

"ಬಾಡಿಗೆಯೋರು ನೋಡ್ತಾರೆ ಕಣೇ. ಒಳಗಡೆ ಒಣಗಾಕು."

"ಯಾಕೆ, ಕದ್ಕೊಂಡ್ ಬಂದಿದೀನಾ?"

ಅವರು ಪೇಪರು ತೆಗೆದುಕೊಂಡರು. ಸವಿತಾಳೂ ಅದನ್ನು ನೋಡಿಯೇ ನನ್ನ ಹತ್ತಿರ ಬಂದಿದ್ದು. ಈ ಸಲ ನಾನೇ ಮೊದಲು ಮಾತಾಡಿದೆ.

"ನೀನು ಇಳೀಬೇಡ. ನಾನ್ ಇಳೀತೀನಿ. ನೀನು ದಡದಲ್ಲಿ ಕೂತು ನನ್ ಕೈ ನೋಡ್ತಿರು. ಮನೆಯಿಂದ ಹೊರಡೋಕೆ ಮುಂಚೆ ಮಗು ಮೈ ನೀನೇ ಮುಟ್ಟಿ ನೋಡು. ನೀನೇ ಬಟ್ಟೆ ಹಾಕು, ನೀನೇ ಎತ್ಕೊ."

ಸವಿತಾ ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿಕೊಂಡಳು. ಆಮೇಲೆ, "ನಿಮ್ಗೆ ಈಜು ಬರುತ್ತಾ ಅತ್ತೆ?" ಎಂದಳು.

"ಸೊಂಟದ ನೀರಿಗೆ ಈಜ್ಯಾಕೆ? ನಿಂತ್ಕೊಳ್ಳೋಕೆ ಬರುತ್ತೆ."

"ಒಂದ್ ತೊಟ್ಟು ಎಣ್ಣೆ ಕೈಗೆ ಹತ್ತಿದ್ರೂ ಅಲ್ಲಿಂದ್ಲೇ ವಾಪಸ್ ಬಂದ್ಬಿಡ್ತೀನಿ."

"ಬಾ."

ನಿಜ ಹೇಳಬೇಕೆಂದರೆ ನೀರಿನಲ್ಲಿ ನಿಂತ ಅಭ್ಯಾಸವೂ ನನಗಿರಲಿಲ್ಲ. ನಮ್ಮೂರಲ್ಲಿ ಗಂಡುಹುಡುಗರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದರು. ಹೆಣ್ಣುಮಕ್ಕಳಿಗೆ ಕೆರೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುವಾಗ ಮೊಣಕಾಲಿನವರೆಗೆ ಸಿಕ್ಕಿದ್ದೇ ನೀರು. ಮೊದಲ ದಿನ ಆ ಬಿಗಿ ಬಟ್ಟೆಯಲ್ಲಿ ಹೊರಗೆ ಬಂದಾಗ ಸೆರಗಿಲ್ಲದ ಕೈಗೆ ಕೆಲಸವಿಲ್ಲದೆ ಎಲ್ಲಿಡುವುದೋ ತಿಳಿಯಲಿಲ್ಲ. ಹೆಂಗಸರು ನೋಡಿದರು. ನೋಡಲಿ ಎಂದು ಮೆಟ್ಟಿಲಿಳಿದೆ. ನೀರು ಸೊಂಟಕ್ಕೆ ಬಂದಾಗ ನೆಲ ಕಾಲ ಕೆಳಗೆ ಸರಿದ ಹಾಗಾಯಿತು. ಕಂಬಿ ಹಿಡಿದು ನಿಂತೆ. ಸರಿದದ್ದು ನೆಲವಲ್ಲ ಎಂದು ಖಾತ್ರಿಯಾದ ಮೇಲೆ ಸವಿತಾಳ ಕಡೆ ಎರಡೂ ಕೈ ಚಾಚಿದೆ.

"ಇಲ್ಲೆ ಬರ್ರಿ ಅಜ್ಜೀ," ಎಂದು ರೇಣುಕಾ ಕರೆದಳು. "ಇವತ್ತ ಬಜ್ಜಿ ಇಲ್ಲೇನ್ರೀ?"

"ಎಣ್ಣೆ ಬೆಲೆ ಜಾಸ್ತಿಯಾಗೈತೆ ಕಣಮ್ಮ," ಎಂದೆ. ಅಲ್ಲಿಂದ ನಾವಿಬ್ಬರೂ ಸ್ನೇಹಿತರಾದೆವು.

ಆ ಬೇಸಿಗೆ ಕೆಟ್ಟ ಬೇಸಿಗೆ. ಬೋರ್‌ವೆಲ್ಲು ಕೆಮ್ಮುತ್ತಿತ್ತು, ಬೀದಿಗೆ ಟ್ಯಾಂಕರ್ ಬಂದರೆ ಹೆಂಗಸರು ಕೊಡ ಹಿಡಿದು ಓಡುತ್ತಿದ್ದರು. ಬಿಸಿಲಿಗೆ ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಈಜುಕೊಳದ ಗೋಡೆ ಮೇಲೆ ಬಾಗಿದ್ದ ಗುಲ್‌ಮೊಹರ್ ಮರ ಮಾತ್ರ ಒಂದು ಎಲೆಯೂ ಕಾಣದಷ್ಟು ಕೆಂಪಾಗಿತ್ತು. ಗಾಳಿ ಬೀಸಿದರೆ ಪಕಳೆ ನೀರಿಗುದುರುತ್ತಿತ್ತು, ಬೋಡಿ ಅದನ್ನು ಹಿಡಿದು ಬಾಯಿಗಿಡುತ್ತಿದ್ದಳು, ನಾನು ಬೆರಳು ಹಾಕಿ ತೆಗೆಯುತ್ತಿದ್ದೆ. ಹೀಗೇ ವಾರಗಳು ಹೋದವು. ಸವಿತಾ ದಡದಲ್ಲಿ ಟವೆಲ್ ಹಿಡಿದು ಮಂಡಿಯ ಮೇಲೆ ಗದ್ದ ಇಟ್ಟು ಕೂರುತ್ತಿದ್ದಳು. ಅವಳ ಕಣ್ಣು ನನ್ನ ಕೈಯಿಂದ ಕದಲುತ್ತಿರಲಿಲ್ಲ. ಪರೀಕ್ಷೆ ಬರೆಯುವ ಮಕ್ಕಳನ್ನೂ ಮೇಷ್ಟ್ರು ಹಾಗೆ ಕಾಯುವುದಿಲ್ಲ.

ಒಂದು ದಿನ ದೊಡ್ಡ ಕೊಳದಿಂದ ಬಂದ ಹೆಂಗಸೊಬ್ಬಳು ಮೂಗು ಮುರಿದಳು. "ಇಷ್ಟ್ ಚಿಕ್ ಮಗೂನ ಬಿಡ್ತೀರಲ್ಲ, ನೀರಲ್ಲೇ ಸುಸ್ಸು ಮಾಡಿದ್ರೆ?"

"ಇವ್ಳು ಡೈಪರ್ ಹಾಕವ್ಳೆ ತಾಯಿ. ನೀವು ಹಾಕಿದೀರಾ?"

ದಡದಲ್ಲಿದ್ದ ಸವಿತಾ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮಗು ನೀರಿಗೆ ಜಾರಿದ ದಿನದ ನಂತರ ಅವಳು ನನ್ನ ಮುಂದೆ ನಕ್ಕಿದ್ದು ಅದೇ ಮೊದಲು.

ಆದರೆ ಕಾಲು ಆಡಲಿಲ್ಲ. ನಾನು ಕಂಕುಳಿಗೆ ಕೈ ಕೊಟ್ಟು ಹಿಂದೆ ಹಿಂದೆ ನಡೆಯುತ್ತಿದ್ದೆ. ಬಲಗಾಲು ತೇಲಿ ಬರುತ್ತಿತ್ತು, ಎಡಗಾಲು ಹೊಟ್ಟೆಗೆ ಮಡಚಿಕೊಂಡೇ ಇರುತ್ತಿತ್ತು. ನಾನು ಕಂಡದ್ದು ಸುಳ್ಳೇ ಎಂದು ಒಂದೆರಡು ದಿನ ನನಗೇ ಅನುಮಾನ ಬಂತು. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ರೇಣುಕಾ ಒಂದು ದಿನ ಬಂದು ನನ್ನ ಮುಂಗೈ ತಟ್ಟಿದಳು. "ಅಜ್ಜೀ, ಎಷ್ಟ ಬಿಗಿ ಹಿಡೀತೀರ್ರೀ! ಕೂಸಿನ ಮೈಯಾಗ ನಿಮ್ಮ ಬೆರಳ ಮೂಡ್ಯಾವು ನೋಡ್ರಿ."

"ಬಿಟ್ರೆ ಜಾರ್ತಾಳೆ ಕಣಮ್ಮ. ಒಂದ್ ಸಲ ನೋಡಿಲ್ವಾ?"

"ಬಿಡ್ರಿ ಅನ್ಲಿಲ್ಲ ನಾ. ಸಡ್ಲ ಮಾಡ್ರಿ. ನೀವು ಬಿಗಿ ಆದ್ರ ಕೂಸೂ ಬಿಗಿ ಆಕ್ಕತಿ. ನಿಮ್ಮ ಭುಜ ನೋಡ್ಕೊಳ್ರಿ, ಕಿವಿಗೆ ಬಂದು ಕುಂತಾವು."

ನೋಡಿಕೊಂಡೆ. ಹೌದು, ಭುಜ ಕಿವಿಯ ಹತ್ತಿರವಿತ್ತು. ದಡದಿಂದ ಸವಿತಾ ನನ್ನ ಕೈ ನೋಡುತ್ತಿದ್ದಳಲ್ಲ, ಆ ನೋಟಕ್ಕೆ ನನ್ನ ಕೈ ಇನ್ನೂ ಬಿಗಿಯುತ್ತಿತ್ತು. ಎರೆಯುವ ಕೆಲಸದಲ್ಲಿ ಹಿಡಿತ ಬಿಡಬಾರದು. ಹಿಡಿ, ತಿಕ್ಕು, ಎಳೆ, ಅಳಲಿ ಬಿಡು. ನನ್ನ ಕೈಗೆ ಗೊತ್ತಿದ್ದದ್ದು ಅಷ್ಟೇ. ಇಲ್ಲಿ ಕೈ ಇರಬೇಕು, ಆದರೆ ಕೆಲಸ ಮಾಡಬಾರದು. ಕೆಲಸ ಮಾಡದ ಹಾಗೆ ಕೈ ಇಟ್ಟುಕೊಳ್ಳುವುದನ್ನು ಕಲಿಯಲು ನನಗೆ ಆ ತಿಂಗಳ ಉಳಿದ ದಿನವೆಲ್ಲ ಬೇಕಾಯಿತು. ಮೊದಲು ಹೆಬ್ಬೆರಳು ಬಿಟ್ಟೆ. ಆಮೇಲೆ ಅಂಗೈ ಮಾತ್ರ ಕಂಕುಳ ಕೆಳಗೆ, ರೊಟ್ಟಿ ತಟ್ಟುವಾಗ ಹಿಟ್ಟಿನ ಕೆಳಗೆ ಇರುವ ಹಾಗೆ. ಬೋಡಿ ನನ್ನ ಮುಖ ನೋಡಿದಳು. ನಾನು ಉಸಿರು ಬಿಟ್ಟರೆ ಅವಳೂ ಬಿಡುತ್ತಿದ್ದಳು.

ಮೇ ಕೊನೆಯ ಒಂದು ಬೆಳಿಗ್ಗೆ ಮೋಡ ಕವಿದಿತ್ತು. ಮಾಗಡಿ ರಸ್ತೆ ಕಡೆಯಿಂದ ಮಣ್ಣಿನ ವಾಸನೆ ಬರುತ್ತಿತ್ತು. ಗುಡುಗಿದರೆ ಎಲ್ಲರೂ ಮೇಲೆ ಬರಬೇಕು ಎಂದು ರೇಣುಕಾ ಮೊದಲೇ ಹೇಳಿದ್ದಳು. ಕೊಳದಲ್ಲಿ ಜನವಿರಲಿಲ್ಲ. ನಾನು ಬೋಡಿಯನ್ನು ನನ್ನ ಕಡೆ ಮುಖ ಮಾಡಿ ಹಿಡಿದು, ಹಾಗೇ ಸುಮ್ಮನೆ ನಿಂತಿದ್ದೆ. ನಡೆಯಲಿಲ್ಲ, ಆಡಿಸಲಿಲ್ಲ. ಅವಳ ಮೂಗಿನ ಮೇಲೆ ಒಂದು ಮಳೆ ಹನಿ ಬಿತ್ತು. ಅವಳು ಬೆಚ್ಚಿ ಮೇಲೆ ನೋಡಿದಳು. ಆಗ ನನ್ನ ಹೊಟ್ಟೆಗೆ ಒಂದು ಒದೆ ಬಿತ್ತು.

ಬಲಗಡೆ. ನನ್ನ ಬಲಗಡೆ ಎಂದರೆ ಅವಳ ಎಡಗಾಲು.

ನಾನು ಅಲುಗಲಿಲ್ಲ. ಇನ್ನೊಂದು ಹನಿ ಬಿತ್ತು, ಇನ್ನೊಂದು ಒದೆ. ಎಮ್ಮೆ ಕರು ಕೆಚ್ಚಲಿಗೆ ಗುದ್ದುವ ಹಾಗೆ, ಅಷ್ಟೇ ಗಟ್ಟಿ.

"ಸವಿತಾ! ಒದೀತಾವ್ಳೆ! ಎಡಗಾಲು!"

ದಡದಿಂದ ಏನೂ ಕಾಣುವಂತಿರಲಿಲ್ಲ. ಹನಿ ಬಿದ್ದು ನೀರಿನ ಮೇಲೆಲ್ಲ ಬಳೆ ಬಳೆ ಎದ್ದಿತ್ತು. ಸವಿತಾ ಎದ್ದು ನಿಂತಳು. ಅವಳ ಮುಖದಲ್ಲಿ ನಂಬಿಕೆಯೂ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ, ಬರೀ ಹೆದರಿಕೆ. ಮತ್ತೆ ಅತ್ತೆಗೆ ಮಾತ್ರ ಕಂಡಿತು ಎಂದಾಗಬಾರದು. ನಾನು ಅದಕ್ಕೆ ಬಿಡುವವಳಲ್ಲ.

"ನೋಡ್ಬೇಡ. ಬಂದು ಹಿಡ್ಕೊ. ಹಿಡಿದ್ರೆ ಗೊತ್ತಾಗ್ತದೆ."

ಅವಳು ಟವೆಲ್ ಬಿಸಾಡಿ, ಹಾಕಿಕೊಂಡಿದ್ದ ಚೂಡಿದಾರದಲ್ಲೇ ಇಳಿದುಬಿಟ್ಟಳು. ದುಪಟ್ಟಾ ನೀರಿನ ಮೇಲೆ ಅವಳ ಹಿಂದೆ ತೇಲಿ ಬಂತು.

ಪೀ ಎಂದು ಸೀಟಿ ಕೇಳಿಸಿತು. "ಅಕ್ಕಾ! ಕಾಸ್ಟ್ಯೂಮ್ ಇಲ್ದ ಇಳಿಯಂಗಿಲ್ರೀ! ಮ್ಯಾಲ ಬರ್ರಿ!" ರೇಣುಕಾ ದೊಡ್ಡ ಕೊಳದ ಕಡೆಯಿಂದ ಓಡಿ ಬರುತ್ತಿದ್ದಳು.

"ಒಂದ್ ನಿಮಿಷ ಇರಮ್ಮಾ ತಾಯಿ!" ಎಂದು ನಾನು ಅವಳಿಗಿಂತ ಜೋರಾಗಿ ಕೂಗಿದೆ.

ಸವಿತಾ ನನ್ನ ಮುಂದೆ ನಿಂತಳು. ಕೈ ಚಾಚಲಿಲ್ಲ. ಎರಡೂ ಕೈಯನ್ನು ಎದೆಗೆ ಕಟ್ಟಿಕೊಂಡಿದ್ದಳು. ಆವತ್ತು ಜಾರಿಸಿದ್ದು ನನ್ನ ಎಣ್ಣೆ, ಆದರೆ ಜಾರಿದ್ದು ಅವಳ ಕೈಯಿಂದ. ಇಷ್ಟು ದಿನ ದಡದಲ್ಲಿ ಕುಳಿತು ಅವಳು ಕಾದಿದ್ದು ನನ್ನ ಕೈಯನ್ನಲ್ಲ, ಅವಳ ಹೆದರಿಕೆ ಅವಳ ಕೈಯ ಮೇಲೇ ಎಂದು ನನಗೆ ಆಗ ತಿಳಿಯಿತು.

"ಹಿಡಿ," ಎಂದೆ. "ಎಣ್ಣೆ ಇಲ್ಲ."

ಹಿಡಿದಳು. ಬಿಗಿಯಾಗಿ ಹಿಡಿದಳು. ನಾನು ಅವಳ ಮುಂಗೈ ತಟ್ಟಿ, "ಸಡ್ಲ ಮಾಡು. ಭುಜ ಇಳಿಸು," ಎಂದೆ. ಭುಜ ಇಳಿಯಿತು. ಮೂವರೂ ಮಳೆ ಹನಿಯಲ್ಲಿ ನಿಂತೆವು, ರೇಣುಕಾ ದಡದ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಬೋಡಿ ಅಮ್ಮನ ಮುಖ ನೋಡಿದಳು, ತೇಲುತ್ತಿದ್ದ ದುಪಟ್ಟಾ ನೋಡಿದಳು, ಆಮೇಲೆ ಒದ್ದಳು. ಸವಿತಾ "ಹಾ" ಎಂದಳು. ಮತ್ತೆ ಒದ್ದಳು. ಸವಿತಾ ಅತ್ತಳೋ ಮಳೆಯೋ ನಾನು ನೋಡಲು ಹೋಗಲಿಲ್ಲ. ಅಷ್ಟರಲ್ಲಿ ಗುಡುಗಿತು, ರೇಣುಕಾ ಉಸಿರು ಕಟ್ಟಿ ಸೀಟಿ ಊದಿ ನಮ್ಮನ್ನು ಮೇಲೆ ಎಳೆದಳು. ಕಾಸ್ಟ್ಯೂಮ್ ಇಲ್ಲದೆ ಇಳಿದದ್ದಕ್ಕೆ ಚೆನ್ನಾಗಿ ಬೈದಳು, ಬೈಯುತ್ತಲೇ ತನ್ನ ಒಣ ಟವೆಲ್ಲನ್ನು ಸವಿತಾಳ ಹೆಗಲಿಗೆ ಹಾಕಿದಳು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಓದುವವರಿಗೆ ಹಿತ, ಆದರೆ ನಡೆದದ್ದು ಹಾಗಲ್ಲ. ಒಂದು ಬೇಸಿಗೆಗೆ ಕಾಲು ನೆಟ್ಟಗಾಗುವುದಿಲ್ಲ. ಆಸ್ಪತ್ರೆಯ ಹುಡುಗಿ ನೋಡಿ, ಸ್ವಲ್ಪ ಸಡಿಲವಾಗಿದೆ, ಬಿಡಬೇಡಿ ಎಂದಳು. ಬಿಡಲಿಲ್ಲ. ವ್ಯಾಯಾಮ, ಕಾಲಿಗೆ ಪಟ್ಟಿ, ಮತ್ತೆ ಮುಂದಿನ ಬೇಸಿಗೆಗೆ ನೀರು. ಓರಗೆಯ ಮಕ್ಕಳು ಓಡುವ ಹೊತ್ತಿಗೆ ಬೋಡಿ ಎದ್ದು ನಿಂತಳು. ಈಗ ಅವಳಿಗೆ ಐದು ತುಂಬಿದೆ, ತಲೆ ತುಂಬ ಕೂದಲು, ಎರಡು ಜುಟ್ಟು. ನಡೆಯುವಾಗ ಎಡಗಾಲು ಸ್ವಲ್ಪ ಹೊರಗೆ ಬೀಸುತ್ತದೆ, ಓಡಿದರೆ ಆ ಹೆಜ್ಜೆ ತಪ್ ಎಂದು ಜೋರಾಗಿ ಬೀಳುತ್ತದೆ. ಮೆಟ್ಟಿಲು ಹತ್ತಿ ಬರುತ್ತಿರುವವಳು ಅವಳೇ ಎಂದು ನನಗೆ ಅಡುಗೆಮನೆಯಿಂದಲೇ ಗೊತ್ತಾಗುತ್ತದೆ. ನೀರಿಗೆ ಬಿದ್ದರೆ ಮಾತ್ರ ಯಾವ ಕಾಲು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ರೇಣುಕಾ ಈಗ ಅವಳನ್ನು ದೊಡ್ಡ ಕೊಳಕ್ಕೆ ಬಿಟ್ಟಿದ್ದಾಳೆ.

ಇವತ್ತೂ ಬೇಸಿಗೆ ಬ್ಯಾಚು. ನೀರು ಹಿಡಿದು ಮುಗಿಸಿ ನಾನು ಒಳಗೆ ಬರುವ ಹೊತ್ತಿಗೆ ಬೋಡಿ ಈಜಿನ ಬಟ್ಟೆ ಹಾಕಿಕೊಂಡು, ನೀರಿನ ಕನ್ನಡಕ ಹಣೆಗೇರಿಸಿಕೊಂಡು ಬಾಗಿಲಲ್ಲಿ ಕುಣಿಯುತ್ತಿದ್ದಳು. "ಅಜ್ಜಿ, ಬೇಗ ಬಾ, ರೇಣುಕಾ ಮಿಸ್ ಬೈತಾರೆ!" ಸವಿತಾ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು, ಕೈಯಲ್ಲಿ ಸ್ಕೂಟರಿನ ಕೀಲಿಕೈ. ನನ್ನ ಜೊತೆ ಏನೋ ಮಾತಾಡುತ್ತಲೇ, ಸಂಜೆಗೆ ಯಾವ ತರಕಾರಿ ಎಂದು ಕೇಳುತ್ತಲೇ, ಬೋಡಿಯ ತೋಳಿನ ಮೇಲೆ ಎರಡು ಬೆರಳು ಹಾಯಿಸಿ, ಹೆಬ್ಬೆರಳಿಗೆ ಉಜ್ಜಿ ನೋಡಿದಳು. ಇಷ್ಟು ವರ್ಷದಲ್ಲಿ ಒಂದು ದಿನವೂ ಅದನ್ನು ಬಿಟ್ಟಿಲ್ಲ. ನಾನು ಕಂಡೆ ಎಂದು ಅವಳಿಗೂ ಗೊತ್ತು.

ನೋಡಲಿ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮೂಸಿಯೂ ನೋಡುತ್ತಿದ್ದೆ.